ಮಾತ್ರೆ ತಗೋತಾನೆ ಸಾರ್, ಆದ್ರೆ ಏನೂ ಮಾಡಲ್ಲ

ಓಪಿಡಿಯಲ್ಲಿ ನಂಗೆ ಸಿಟ್ಟು ಬರೋದು ಪೇಷೆಂಟ್ ಮೇಲಲ್ಲ, ಪಕ್ಕದ ಕುರ್ಚಿ ಮೇಲೆ. ಹುಡುಗನ್ನ "ನಿದ್ದೆ ಹೇಗಿದೆಯಪ್ಪಾ" ಅಂತ ಕೇಳಿದ್ರೆ ಉತ್ತರ ಅಮ್ಮನಿಂದ ಬರುತ್ತೆ. ಹುಡುಗ ಅಂದ್ರೆ 34 ವರ್ಷ (ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ), ಸ್ಕಿಜೋಫ್ರೀನಿಯಾ ಅನ್ನೋ ಮಾನಸಿಕ ಕಾಯಿಲೆ, ಕಿವೀಲಿ ದನಿ ಕೇಳ್ಸೋದು ನಿಂತು ಮೂರು ವರ್ಷ ಆಯ್ತು. "ಕಾಯಿಲೆ ಅಂತ ಈಗ ಒಪ್ಕೊಂಡಿದಾನೆ ಸಾರ್, ಆದ್ರೆ ಸುಮ್ನೆ ಕೂತಿರ್ತಾನೆ" ಅಂದ್ರು ಅಮ್ಮ. ಅವನು ನೆಲ ನೋಡ್ಕೊಂಡು "ನಮ್ಮಂಥೋರಿಗೆ ಯಾರು ಸಾರ್ ಕೆಲಸ ಕೊಡ್ತಾರೆ" ಅಂದ.

ಈ "ನಮ್ಮಂಥೋರು" ಕೇಳಿದ್ರೆ ನಾನು ಪೆನ್ ಕೆಳಗಿಡ್ತೀನಿ. ಎಷ್ಟು ಸಲ ಹೇಳಿದ್ರೂ ಮನೆಯವರಿಗೆ ಹತ್ತದ ವಿಷಯ ಇದೇ: ಕಾಯಿಲೆ ಇದೆ ಅಂತ ಒಪ್ಕೊಳ್ಳೋದು ಬೇರೆ, ನಾನು ಯಾವುದಕ್ಕೂ ಲಾಯಕ್ಕಿಲ್ಲ ಅಂತ ಒಪ್ಕೊಳ್ಳೋದು ಬೇರೆ. ಶುಗರ್ ಇದೆ ಅಂತ ಗೊತ್ತಾದೋರು ಸಕ್ಕರೆ ಬಿಡ್ತಾರೆ, ಅಂಗಡಿ ಬಾಗಿಲು ಹಾಕಲ್ಲ. ಇಲ್ಲಿ ಎರಡೂ ಒಟ್ಟಿಗೇ ಆಗುತ್ತೆ. ಯಾಕಂದ್ರೆ ಈ ಕಾಯಿಲೆಯ ಹೆಸರು ಬರೋ ಮುಂಚೇನೇ ಅದರ ಅವಮಾನ ನಮಗೆ ಬಾಯಿಪಾಠ ಆಗಿರುತ್ತೆ. ಕಾಲೇಜಲ್ಲಿ ಫ್ರೆಂಡ್ಸ್ ಜೊತೆ "ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ರೋ" ಅಂತ ನಕ್ಕೋನು ಇವನೇ, ಈಗ ಆ ಜೋಕು ತಿರುಗಿ ಇವನಿಗೇ ಬಂದು ಕೂತಿದೆ. ಅಮೆರಿಕದ ಸೈಕಾಲಜಿಸ್ಟ್ ಪ್ಯಾಟ್ರಿಕ್ ಕಾರಿಗನ್ ಇದನ್ನ ಮೆಟ್ಟಿಲು ಮೆಟ್ಟಿಲಾಗಿ ವಿವರಿಸ್ತಾರೆ: ಜನ ಹೀಗಂತಾರೆ ಅಂತ ಗೊತ್ತಿರುತ್ತೆ, ಆಮೇಲೆ ಅದು ನಿಜ ಅನ್ಸುತ್ತೆ, ಆಮೇಲೆ ನಾನೂ ಹಂಗೇ ಅನ್ಸುತ್ತೆ, ಕೊನೆಗೆ "ಯಾಕಾದ್ರೂ ಟ್ರೈ ಮಾಡ್ಲಿ". ಅದಕ್ಕೇ ಕಾಯಿಲೆಯ ಅರಿವು ಬಂದ್ಮೇಲೆ ಕೆಲವರು ಇನ್ನಷ್ಟು ಕುಗ್ಗಿಹೋಗ್ತಾರೆ, ಮನೆಯವರು ಮಾತ್ರ ಸದ್ಯ ಒಪ್ಕೊಂಡನಲ್ಲ ಅಂತ ಖುಷಿಯಲ್ಲಿರ್ತಾರೆ.

ಹಾಗಂತ ಸುಮ್ನೆ ಕೂರೋರೆಲ್ಲ ಇದೇ ಕಾರಣಕ್ಕೆ ಕೂತಿದಾರೆ ಅಂತ ನಾನು ಹೇಳಲ್ಲ. ಕಾಯಿಲೆಯದೇ ಲಕ್ಷಣ ಇರ್ಬಹುದು, ಡಿಪ್ರೆಶನ್ ಇರ್ಬಹುದು, ಮಾತ್ರೆಯ ಮಂಪರು ಇರ್ಬಹುದು, ನೋಡ್ತಿರೋ ಡಾಕ್ಟ್ರೇ ಹೇಳ್ಬೇಕು, ಇದನ್ನ ಓದಿ ಡೋಸ್ ಕಮ್ಮಿ ಮಾಡ್ಕೋಬೇಡಿ. ಸಾಯೋ ಮಾತಾಡಿದ್ರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ, ತಕ್ಷಣ ಕರ್ಕೊಂಡು ಬನ್ನಿ. ಅರ್ಧರಾತ್ರಿಯಾದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ.

"ಸ್ವಲ್ಪ ಧೈರ್ಯ ಹೇಳಿ ಸಾರ್" ಅಂತಾರಲ್ಲ, ಅದೊಂದು. ದಿನಾ ಬೆಳಿಗ್ಗೆ "ಪಾಪ ಅವನಿಗೇನೂ ಹೇಳ್ಬೇಡಿ" ಅಂತ ಹಾಲು ತರೋ ಕೆಲಸವನ್ನೂ ಕಿತ್ಕೊಂಡು, ಮದುವೆ ಮನೆಗೂ ಕರ್ಕೊಂಡು ಹೋಗ್ದೆ, ತಿಂಗಳಿಗೊಂದ್ಸಲ ನಾನು ಐದು ನಿಮಿಷ ಧೈರ್ಯ ಹೇಳಿದ್ರೆ ಏನಾಗುತ್ತೆ? ಪ್ರೀತಿಯಿಂದಲೇ ಮಾಡ್ತಾರೆ, ಗೊತ್ತು. ಆ ಅಮ್ಮ ಮಗನ ಫೈಲನ್ನ ಹಳೇ ಸೀರೆ ಕವರಲ್ಲಿ ಎಷ್ಟು ಜೋಪಾನವಾಗಿ ಇಟ್ಕೊಂಡಿದಾರೆ ಅಂದ್ರೆ ಬೈಯೋಕೂ ಮನಸ್ಸು ಬರಲ್ಲ.

ಅವತ್ತು ನಮ್ ರೂಮಿನ ಫ್ಯಾನ್ ತೆವಳ್ತಿತ್ತು. ಅವನು ಮೇಲೆ ನೋಡಿ "ಕೆಪಾಸಿಟರ್ ವೀಕ್ ಆಗಿದೆ ಸಾರ್" ಅಂದ. ಯಾರೂ ಕೇಳದೆ ಅವನಾಗೇ ಮಾತಾಡಿದ್ದು ನಾನು ನೋಡಿದ್ದು ಅದೇ ಮೊದಲು. ಐಟಿಐ ಎಲೆಕ್ಟ್ರಿಷಿಯನ್ ಅಂತೆ, ಮೂರು ವರ್ಷದಲ್ಲಿ ನಾನೇ ಕೇಳಿರ್ಲಿಲ್ಲ, ನಾಚಿಕೆ ಆಯ್ತು. "ಕರೆಂಟ್ ಕೆಲಸ ನಾವೇ ಬಿಡ್ಸಿದ್ವಿ" ಅಂದ್ರು ಅಮ್ಮ. ಮಂಪರು ಬರೋ ಮಾತ್ರೆ ಇದ್ದಾಗ ಏಣಿ ಹತ್ತೋದು ಬೇಡ, ಸರಿ, ಟೇಬಲ್ ಮೇಲೆ ಮಿಕ್ಸಿ ಬಿಚ್ಚೋಕೆ ಏನಡ್ಡಿ?

ಮುಂದಿನ ತಿಂಗಳು ಜೇಬಲ್ಲಿ 2.5 ಎಂಎಫ್‌ಡಿ ಕೆಪಾಸಿಟರ್ ಇಟ್ಕೊಂಡು ಬಂದ. ಹತ್ತಿದ್ದು ನಮ್ ಅಟೆಂಡರು, ಇವನು ಮೇನ್ ಆಫ್ ಮಾಡ್ಸಿ ಕೆಳಗೆ ನಿಂತು ಯಾವ ವೈರ್ ಎಲ್ಲಿಗೆ ಅಂತ ಹೇಳ್ತಿದ್ದ, ಅಮ್ಮ ಗೊಣಗ್ತಾ ಕುರ್ಚಿ ಹಿಡ್ಕೊಂಡಿದ್ರು. ಕೆಲಸಕ್ಕೆ ಇನ್ನೂ ಹೋಗ್ತಿಲ್ಲ. "ನಮ್ಮಂಥೋರು" ಅನ್ನೋದೂ ಬಿಟ್ಟಿಲ್ಲ. ಮೊನ್ನೆ ಮಾತ್ರ ನಿದ್ದೆ ಬಗ್ಗೆ ಕೇಳಿದಾಗ ಇಬ್ರೂ ಒಟ್ಟಿಗೇ ಉತ್ತರ ಕೊಟ್ರು, ಒಬ್ಬರದು ಏಳು ಗಂಟೆ, ಇನ್ನೊಬ್ಬರದು ಐದು.