ಕುರಿ ತನ್ನ ಮರಿನ್ನ ಹೆಂಗ ಗುರ್ತು ಹಿಡಿತೈತಿ? ಹಾರ್ಮೋನು, ಮೆದುಳು, ಸಂಬಂಧ

ಧಾರವಾಡದಾಗ ಝುವಾಲಜಿ ಓದೋ ದೋಸ್ತರಿಗೆ ಈ ಟಿಪ್ಪಣಿ. ಆಕ್ಸಿಟೋಸಿನ್ ಅಂದ್ರ ಪ್ರೀತಿ ಹಾರ್ಮೋನ್ ಅಂತ ಒಂದ ಸಾಲು ಬರದು ಮುಂದ ಹೋಗಬ್ಯಾಡ್ರಿ, ಅದು ಮೆದುಳಿನ ಯಾವ ಜಾಗಾದಾಗ, ಯಾವ ಹೊತ್ತಿಗೆ ಕೆಲಸ ಮಾಡ್ತು ಅನ್ನೋದರಾಗ ಖರೇ ಮಜಾ ಐತಿ.

ಕುರಿನ್ನ ತಗೋರಿ. ಹಾವೇರಿ, ಗದಗ ಕಡೆ ಕುರಿ ಕಾಯೋರಿಗೆ ಇದು ದಿನಾ ನೋಡೋ ಮಾತು, ಬ್ಯಾರೆ ಮರಿ ಬಂದು ಕೆಚ್ಚಲಕ್ಕ ಬಾಯಿ ಹಾಕಿದ್ರ ತಾಯಿ ಹೊಳ್ಳಿ ಮೂಸಿ ನೋಡಿ ತಲಿಲೆ ಗುದ್ದಿ ಓಡಸ್ತೈತಿ. ಗಬ್ಬ ಇದ್ದಾಗ ಮರಿ ಮೈ ಮ್ಯಾಲಿನ ನೀರಿನ ವಾಸನಿ ಅದಕ್ಕ ಬ್ಯಾಡ, ಈದ ಕೂಡ್ಲೆ ಅದ ನೀರನ್ನ ಗುಟುರು ಹಾಕ್ಕೋತ ನೆಕ್ಕತೈತಿ. ಯಾಕ? ಗಬ್ಬದಾಗ ಪ್ರೊಜೆಸ್ಟೆರಾನ್, ಈಸ್ಟ್ರೋಜನ್ ಅನ್ನೋ ಹಾರ್ಮೋನು ಮೆದುಳನ್ನ ಮೊದ್ಲ ತಯಾರ ಮಾಡಿರ್ತಾವು, ಮರಿ ಹೊರಗ ಬರೋವಾಗ ಗರ್ಭಕೋಶದ ಬಾಯಿ ಹಿಗ್ಗಿ ಆ ಸುದ್ದಿ ನರದ ಮೂಲಕ ಮೆದುಳಿಗೆ ಹೋಗತೈತಿ, ಅಲ್ಲಿ ಆಕ್ಸಿಟೋಸಿನ್ ಬಿಡುಗಡಿ ಆಗತೈತಿ, ವಾಸನಿ ಗುರ್ತು ಹಿಡಿಯೋ ಆಲ್‌ಫ್ಯಾಕ್ಟರಿ ಬಲ್ಬ್‌ನಾಗೂ ಆಗತೈತಿ. ಸುಮಾರು 2 ತಾಸಿನೊಳಗ ತನ್ನ ಮರಿ ವಾಸನಿ ಅಚ್ಚೊತ್ತಿ ಬಿಡತೈತಿ. ಎಪಿಡ್ಯೂರಲ್ (ಬೆನ್ನಿಗೆ ಕೊಡೋ ಮರಗಟ್ಟಿಸೋ ಇಂಜೆಕ್ಷನ್) ಕೊಟ್ಟು ಆ ನರದ ಸುದ್ದಿ ತಡದ್ರ ಬಾಳಷ್ಟು ಕುರಿ ಮರಿ ಕಡೆ ನೋಡಂಗಿಲ್ಲ. ಇನ್ನ ರಕ್ತದಾಗಿನ ಆಕ್ಸಿಟೋಸಿನ್ ಮೆದುಳಿಗೆ ಸಲೀಸಾಗಿ ದಾಟಂಗಿಲ್ಲ, ಅದಕ್ಕ ಮೆದುಳೊಳಗ ಆಗೋ ಬಿಡುಗಡಿನ ಬ್ಯಾರೆ ಲೆಕ್ಕ ಹಿಡೀರಿ.

ಆದ್ರ ಕೆಲವು ಹಾರ್ಮೋನ್ ರಕ್ತದಾಗ ಹರಿದು ನಡವಳಿಕಿ ಬದಲ ಮಾಡ್ತೈತಿ ಅನ್ನೋದಕ್ಕ ಹಳೇ ಪುರಾವಿ 1849ರದು. ಬರ್ಟ್‌ಹೋಲ್ಡ್ ಅನ್ನೋ ಜರ್ಮನ್ ವಿಜ್ಞಾನಿ ಹುಂಜದ ವೃಷಣ ತಗದ, ಕೂಗೋದು ಜಗಳಾಡೋದು ನಿಂತ್ವು, ಅದನ್ನ ಹೊಟ್ಟಿಯೊಳಗ ಬ್ಯಾರೆ ಕಡೆ ಕೂಡಿಸಿದ್ರೂ ಎಲ್ಲಾ ವಾಪಸ್ ಬಂತು.

ಆದ್ರ ರಕ್ತ ಎಲ್ಲಾ ಕಡೆ ಹೋಗತೈತಲ್ಲ, ಮತ್ತ ಒಂದ ಜಾಗಾ ಯಾಕ ಕೇಳತೈತಿ? ಅಲ್ಲಿ ರಿಸೆಪ್ಟರ್, ಅಂದ್ರ ಆ ಹಾರ್ಮೋನನ್ನ ಹಿಡಿಯೋ ಪ್ರೋಟೀನ್ ಇರತೈತಿ, ಅದಕ್ಕ. ಅಮೆರಿಕಾದ ಪ್ರೇರಿ ವೋಲ್ ಅನ್ನೋ ಇಲಿಯಂಥ ಪ್ರಾಣಿ ಜೋಡಿ ಕಟ್ಟಿ ಬಾಳತೈತಿ, ಅದರ ಸಂಬಂಧಿ ಮೆಡೋ ವೋಲ್ ಕಟ್ಟಂಗಿಲ್ಲ. ಪ್ರೇರಿ ಗಂಡಿನ ವೆಂಟ್ರಲ್ ಪ್ಯಾಲಿಡಮ್ ಅನ್ನೋ ಮೆದುಳಿನ ಭಾಗದಾಗ ವ್ಯಾಸೋಪ್ರೆಸಿನ್ (ಆಕ್ಸಿಟೋಸಿನ್‌ನಂಥದ ಇನ್ನೊಂದು ಹಾರ್ಮೋನ್) ರಿಸೆಪ್ಟರ್ ದಟ್ಟ ಅದಾವು. 2004ರಾಗ ಆ ರಿಸೆಪ್ಟರಿನ ಜೀನನ್ನ ವೈರಸ್ ಮೂಲಕ ಮೆಡೋ ಗಂಡಿನ ಅದ ಜಾಗಾಕ್ಕ ಕಳಿಸಿದ್ರು, ಅದೂ ತನ್ನ ಜೋಡಿ ಪಕ್ಕದಾಗ ಕೂಡಾಕ ಹತ್ತಿತು! ನನಗಂತೂ ಇಡೀ ಚಾಪ್ಟರ್‌ನಾಗ ಇದಕ್ಕಿಂತ ಚಂದ ಪ್ರಯೋಗ ಇಲ್ಲ ಅನಸ್ತೈತಿ.

ಆದ್ರ ಒಂದ ರಿಸೆಪ್ಟರ್ ಮ್ಯಾಲೆ ಎಲ್ಲಾ ನಿಂತೈತಿ ಅನಬ್ಯಾಡ್ರಿ. 2023ರದ್ದೂ ಬರಕೋರಿ, ಜೀನ್ ಕತ್ತರಿಸೋ ಕ್ರಿಸ್ಪರ್ ತಂತ್ರದಿಂದ ಆಕ್ಸಿಟೋಸಿನ್ ರಿಸೆಪ್ಟರ್ ಇಲ್ಲದ ಪ್ರೇರಿ ವೋಲ್ ಮಾಡಿದ್ರು, ಅವೂ ಜೋಡಿ ಕಟ್ಟಿದ್ವು, ಮರಿ ಹಾಕಿ ಹಾಲೂ ಕುಡಿಸಿದ್ವು. ಹುಟ್ಟಿನಿಂದ ರಿಸೆಪ್ಟರ್ ಇಲ್ದಾಗ ಬ್ಯಾರೆ ದಾರಿ ಆ ಕೆಲಸ ಹೊತ್ಕೊಂಡಿರಬಹುದು ಅನ್ನೋದು ಒಂದು ವಿವರಣಿ.