ಕೈಗುಣಕ್ಕಿಂತ ಚೀಟಿಯೇ ಮೇಲು

ಔಷಧ ಪ್ರಯೋಗದಲ್ಲಿ ಹೊಸ ಮಾತ್ರೆ ಯಾರಿಗೆ, ಮದ್ದೇ ಇಲ್ಲದ ಹುಸಿ ಮಾತ್ರೆ ಯಾರಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸುತ್ತಾರೆ ಎಂದರೆ ಜನ ಹೌಹಾರುತ್ತಾರೆ. ‘ರೋಗಿ ಏನು ಲಾಟರಿ ಟಿಕೆಟ್ಟೇ?’ ಅದೇ ಜನ, ಡಾಕ್ಟರು ಗೀಚಿಕೊಟ್ಟಿದ್ದನ್ನು ‘ಅವರ ಕೈಗುಣ ಚೆನ್ನಾಗಿದೆ’ ಎಂದು ಕಣ್ಣುಮುಚ್ಚಿ ನುಂಗುತ್ತಾರೆ. ನನಗೆ ರೇಗುವುದು ಇಲ್ಲೇ.

1980ರ ದಶಕದಲ್ಲಿ ಹೃದಯಾಘಾತದಿಂದ ಬದುಕುಳಿದವರ ಎದೆಬಡಿತ ಆಗಾಗ ತಾಳ ತಪ್ಪಿದರೆ ಎನ್ಕೈನೈಡ್, ಫ್ಲೆಕೈನೈಡ್ ಎಂಬ ಮದ್ದು ಕೊಡುತ್ತಿದ್ದರು. ತಾಳ ಸರಿಹೋಗುತ್ತಿತ್ತು, ಇಸಿಜಿ ಗೆರೆ ಅಚ್ಚುಕಟ್ಟಾಗುತ್ತಿತ್ತು. ಇನ್ನೇನು ಬೇಕು? ಅಮೆರಿಕದ ‘ಕಾಸ್ಟ್’ ಪ್ರಯೋಗ ಚೀಟಿ ಎತ್ತಿ ನೋಡಿತು. ಮದ್ದು ತಿಂದ 755 ಜನರಲ್ಲಿ 63 ಮಂದಿ ಸತ್ತರು. ಹುಸಿ ಮಾತ್ರೆಯ 743 ಜನರಲ್ಲಿ 26. ಮೃದಂಗದ ತಾಳ ಸರಿಮಾಡಲು ಹೋಗಿ ಚರ್ಮವನ್ನೇ ಹರಿದಂತೆ. ಅಥವಾ, ಸೋರುವ ನಲ್ಲಿ ನಿಲ್ಲಿಸಲು ಹೋಗಿ ಪೈಪನ್ನೇ ಒಡೆದಂತೆ. 1989ರಲ್ಲಿ ಆ ಎರಡೂ ಮದ್ದುಗಳನ್ನು ಪ್ರಯೋಗದಿಂದ ಕೈಬಿಟ್ಟರು. ಚೀಟಿ ಎತ್ತದಿದ್ದರೆ ಕೈಗುಣದ ಹೆಸರಿನಲ್ಲಿ ಇನ್ನೆಷ್ಟು ಮಂದಿ ಹೋಗುತ್ತಿದ್ದರೋ.

ಹಾಗಾದರೆ ಚೀಟಿ ಎತ್ತುವುದು ಯಾವಾಗ ನ್ಯಾಯ? ಕೆನಡಾದ ವೈದ್ಯಕೀಯ ನೀತಿಚಿಂತಕ ಬೆಂಜಮಿನ್ ಫ್ರೀಡ್‌ಮನ್ 1987ರಲ್ಲಿ ಉತ್ತರ ಕೊಟ್ಟರು: ಯಾವುದು ಮೇಲು ಎಂದು ತಜ್ಞರಲ್ಲೇ ಒಮ್ಮತ ಇಲ್ಲದಿರುವಾಗ. ಒಬ್ಬ ಡಾಕ್ಟರ ಮನಸ್ಸು ಒಂದು ಕಡೆ ವಾಲಿದ್ದರೂ ಪರವಾಗಿಲ್ಲ, ತಕ್ಕಡಿ ಇರುವುದು ಇಡೀ ತಜ್ಞವಲಯದ ಕೈಯಲ್ಲಿ.

ಆದರೆ ಲೆಕ್ಕ ಅಷ್ಟಕ್ಕೇ ಮುಗಿಯದು. 1947ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿದಾಗ, ಯಾರಿಗೆ ಯಾವುದು ಎಂಬುದು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫೋರ್ಡ್ ಹಿಲ್ ಸಿದ್ಧಪಡಿಸಿದ ಮೊಹರು ಹಾಕಿದ ಲಕೋಟೆಗಳಲ್ಲಿತ್ತು. ಮದ್ದು ಎಲ್ಲರಿಗೂ ಸಾಲುವಷ್ಟು ಇರಲೇ ಇಲ್ಲ. ಆರು ತಿಂಗಳಲ್ಲಿ ಮದ್ದು ಸಿಕ್ಕ 55 ಜನರಲ್ಲಿ 4 ಸಾವು, ಬರೀ ವಿಶ್ರಾಂತಿ ಪಡೆದ 52 ಜನರಲ್ಲಿ 14. ‘ಹೆಚ್ಚು ಜನರಿಗೆ ಹೆಚ್ಚು ಒಳಿತು’ ಎನ್ನುವ ಉಪಯುಕ್ತತಾವಾದಿ ಇದಕ್ಕೆ ಪೂರ್ತಿ ಅಂಕ ಕೊಡುತ್ತಾನೆ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದ ತತ್ವಜ್ಞಾನಿ ಕಾಂಟ್ ಕೊಡುವುದಿಲ್ಲ: ಹಾಸಿಗೆಯಲ್ಲಿ ಮಲಗಿದ್ದ ಆ 52 ಜನರಿಗೆ ತಾವೊಂದು ಪ್ರಯೋಗದಲ್ಲಿದ್ದೇವೆ ಎಂದೇ ಹೇಳಿರಲಿಲ್ಲ. ಮನುಷ್ಯರನ್ನು ಬರೀ ಅಳತೆಗೋಲಾಗಿ ಬಳಸಿದಂತಾಯಿತು. ಅದೇ ವರ್ಷ, ನಾಜಿ ವೈದ್ಯರ ವಿಚಾರಣೆಯ ಕೊನೆಗೆ ಬಂದ, ಮನುಷ್ಯರ ಮೇಲಿನ ಪ್ರಯೋಗಗಳಿಗೆ ಕಟ್ಟುಪಾಡು ಹಾಕಿದ ನ್ಯೂರೆಂಬರ್ಗ್ ಸಂಹಿತೆಯ ಮೊದಲ ನಿಯಮವೇ ಸ್ವಇಚ್ಛೆಯ ಒಪ್ಪಿಗೆ!

ನಮ್ಮ ಸೋದರಮಾವನನ್ನು ಹೀಗೊಂದು ಪ್ರಯೋಗಕ್ಕೆ ಕೇಳಿದ್ದರು. ಡಾಕ್ಟರಮ್ಮ ಅರ್ಧ ಗಂಟೆ ಕೂತು, ‘ಎರಡರಲ್ಲಿ ಯಾವುದು ಒಳ್ಳೇದು ಅಂತ ನಮಗೂ ಗೊತ್ತಿಲ್ಲ ಸಾರ್, ಬೇಡ ಅಂದ್ರೂ ಚಿಕಿತ್ಸೆ ನಿಲ್ಲಲ್ಲ’ ಎಂದು ಬಿಡಿಸಿ ಹೇಳಿದರು. ಮಾವ ಹೊರಗೆ ಬಂದವನೇ, ‘ಗೊತ್ತಿಲ್ಲ ಅನ್ನೋ ಡಾಕ್ಟ್ರನ್ನ ಇವತ್ತೇ ನೋಡಿದ್ದು ಕಣೋ’ ಎಂದು ನಕ್ಕ. ಫಾರಂ ಮಡಚಿ ಜೇಬಿಗಿಟ್ಟುಕೊಂಡ, ಮನೆಗೆ ಹೋಗಿ ಅತ್ತೆಯನ್ನು ಕೇಳಬೇಕಿತ್ತಂತೆ.