ಐವತ್ತು ಹರ್ಟ್ಸ್‌ನ ಹಾವಳಿ

ಶನಿವಾರ ರಾತ್ರಿ ಇಂದಿರಾನಗರದ ಪಬ್ಬೊಂದಕ್ಕೆ ಕಾಲಿಟ್ಟ ಕೂಡಲೇ ಎದೆಗೆ ಬಂದು ಬಡಿಯುವ ‘ಡಂ ಡಂ ಡಂ ಡಂ’ ಇದೆಯಲ್ಲ, ಅದರ ಮೂಲ ಚರ್ಮ ಬಿಗಿದ ಡ್ರಮ್ ಅಲ್ಲ. ಮಾರುಕಟ್ಟೆಯಲ್ಲಿ ಸೋತ ಒಂದು ಡಬ್ಬಿ. ಜಪಾನಿನ ರೋಲ್ಯಾಂಡ್ ಕಂಪನಿ 1983ರಲ್ಲಿ ಟಿಆರ್-909 ಅನ್ನುವ ಡ್ರಮ್ ಯಂತ್ರ ತಂದಿತು. ಅದು ಅಷ್ಟೇನೂ ಓಡಲಿಲ್ಲ. ನಿಜವಾದ ಡ್ರಮ್ ಥರ ಕೇಳಿಸೋದೇ ಇಲ್ಲ ಅಂತ ಜನ ಮೂಗು ಮುರಿದರು. ಸುಮಾರು 10,000 ಯಂತ್ರ ತಯಾರಿಸಿ ಕಂಪನಿ ಕೈ ತೊಳೆದುಕೊಂಡಿತು.

ದೂರು ಸುಳ್ಳಲ್ಲ. ಕಾಲಲ್ಲಿ ಒದ್ದು ಬಾರಿಸುವ ದೊಡ್ಡ ಡ್ರಮ್ಮಿನ ಸದ್ದಿಗೆ ‘ಕಿಕ್’ ಅನ್ನುತ್ತಾರೆ. 909ರಲ್ಲಿ ಈ ಕಿಕ್ ಬರುವುದು ಒಂದು ಸರ್ಕ್ಯೂಟಿನಿಂದ. ಸದ್ದು ಮೇಲಿನ ಸ್ವರದಲ್ಲಿ ಶುರುವಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ 50 ಹರ್ಟ್ಸ್ ಆಸುಪಾಸಿಗೆ ಜಾರುತ್ತದೆ. ಅಂದರೆ ಸೆಕೆಂಡಿಗೆ 50 ಕಂಪನ. ಮೇಲಿನ ತುದಿ ಕಿವಿಗೆ ‘ಟಕ್’ ಅನ್ನಿಸುತ್ತದೆ, ಕೆಳಗಿನದು ಎದೆಗೆ ‘ದುಂ’ ಅನ್ನಿಸುತ್ತದೆ. ಯಾವ ಡ್ರಮ್ಮಿನ ನಕಲೂ ಅಲ್ಲದ ಈ ಸದ್ದೇ ಮುಂದೆ ಹೌಸ್ ಸಂಗೀತದ, ಅಂದರೆ ಕ್ಲಬ್ಬುಗಳಲ್ಲಿ ಕುಣಿಯಲು ಯಂತ್ರಗಳಿಂದ ಕಟ್ಟುವ ಸಂಗೀತದ, ಬೆನ್ನೆಲುಬಾಯಿತು. ಹೌಸ್‌ನ ಕಥೆಯ ಬಹುಪಾಲು ಈ 50 ಹರ್ಟ್ಸನ್ನು ಹತೋಟಿಗೆ ತರುವ ಕಥೆಯೇ ಅಂತ ನನ್ನ ಅನಿಸಿಕೆ.

ಇದೇ ಕಂಪನಿಯ ಇನ್ನೊಂದು ಸೋತ ಯಂತ್ರ ಟಿಬಿ-303. ಒಬ್ಬರೇ ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಜೊತೆಗೆ ಬೇಸ್ (ಕೆಳಗಿನ, ದಪ್ಪ ಸ್ವರಗಳು) ನುಡಿಸಲಿ ಅಂತ ಮಾಡಿದ್ದು. 1987ರಲ್ಲಿ ಶಿಕಾಗೋದ ಫ್ಯೂಚರ್ ತಂಡದ ಹುಡುಗರು ಅದರ ಗುಂಡಿಗಳನ್ನು ಸಿಕ್ಕಾಪಟ್ಟೆ ತಿರುಗಿಸಿ ‘ಆಸಿಡ್ ಹೌಸ್’ ಅನ್ನುವ ಹೊಸ ಬಗೆಯನ್ನೇ ಹುಟ್ಟಿಸಿದರು. ಆದರೆ ಅದಕ್ಕೂ ಐದು ವರ್ಷ ಮೊದಲು, 1982ರಲ್ಲಿ, ಮುಂಬೈನ ಸಿನಿಮಾ ಸಂಗೀತಗಾರ ಚರಣ್‌ಜಿತ್ ಸಿಂಗ್ ಅದೇ 303 ಮತ್ತು 909ರ ಅಣ್ಣ 808 ಇಟ್ಟುಕೊಂಡು ಭೈರವ್, ಲಲಿತ್, ಯಮನ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ನುಡಿಸಿ ಎಚ್‌ಎಂವಿಗೆ ರೆಕಾರ್ಡ್ ಮಾಡಿಕೊಟ್ಟಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಅದು ಮರುಬಿಡುಗಡೆಯಾದಾಗ ಯುರೋಪಿನ ಡಿಜೆಗಳು ಬೆರಗಾದರು. ಶಿಕಾಗೋ ಹುಡುಗರು ಅದನ್ನು ಕೇಳಿರಲಿಲ್ಲ, ಸಿಂಗ್ ಅವರಿಗೆ ಆ ಹುಡುಗರ ಬಗ್ಗೆ ಗೊತ್ತಿರಲಿಲ್ಲ. ಯಂತ್ರ ಒಂದೇ ಆಗಿತ್ತು, ಅಷ್ಟೇ.

ಶಿಕಾಗೋಗೆ ಬರೋಣ. 1979ರ ಜುಲೈ 12ರಂದು ಅಲ್ಲಿನ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ಕಂಡರಾಗದವರು ಡಿಸ್ಕೋ ರೆಕಾರ್ಡ್‌ಗಳನ್ನು ರಾಶಿ ಹಾಕಿ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿ ಅವತ್ತಿನ ಎರಡನೇ ಪಂದ್ಯವೇ ನಡೆಯಲಿಲ್ಲ. ದೊಡ್ಡ ಕಂಪನಿಗಳು ಡಿಸ್ಕೋ ಕೈಬಿಟ್ಟವು. ಅದೇ ಊರಿನ ವೇರ್‌ಹೌಸ್ ಅನ್ನುವ ಕ್ಲಬ್ಬಿನಲ್ಲಿ ಮಾತ್ರ ಫ್ರಾಂಕಿ ನಕಲ್ಸ್ ಎಂಬ ಡಿಜೆ ಬೆಳಗಾಗುವ ತನಕ ಜನರನ್ನು ಕುಣಿಸುತ್ತಲೇ ಇದ್ದರು. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಸಲಿಂಗಿ ಯುವಕರು. ಬೇರೆ ಕಡೆ ಬಾಗಿಲು ತೆರೆಯದವರಿಗೆ ಅದು ಸ್ವಂತ ಜಾಗ. ಸಂಗೀತಕ್ಕೆ ‘ಹೌಸ್’ ಅನ್ನುವ ಹೆಸರು ಬಂದಿದ್ದೂ ಆ ಕ್ಲಬ್ಬಿನಿಂದಲೇ. ಹೊಸ ಡಿಸ್ಕೋ ಬರುವುದು ಕಡಿಮೆಯಾದಾಗ ಹಳೆಯ ಹಾಡುಗಳನ್ನೇ ಕತ್ತರಿಸಿ ಉದ್ದ ಮಾಡಿದರು. ಆಮೇಲೆ ಅಡಿಯಲ್ಲಿ ಡ್ರಮ್ ಯಂತ್ರ ಓಡಿಸಿದರು. ನಕಲ್ಸ್‌ಗೆ 909 ಮಾರಿದವರು ಡೆಟ್ರಾಯಿಟ್‌ನ ಡೆರಿಕ್ ಮೇ. ಮುಂದೆ ಟೆಕ್ನೋ ಸಂಗೀತ ಕಟ್ಟಿದವರಲ್ಲಿ ಅವರೂ ಒಬ್ಬರು.

ಹೌಸ್‌ನ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 128 ಬಡಿತ. 120 ಅಂದರೆ ಸೆಕೆಂಡಿಗೆ ಎರಡು. ನಾವು ಸುಮ್ನೆ ನಮ್ಮ ಪಾಡಿಗೆ ನಡೆಯುವಾಗ ಹಾಕುವ ಹೆಜ್ಜೆಯೂ ಸೆಕೆಂಡಿಗೆ ಹೆಚ್ಚುಕಡಿಮೆ ಎರಡೇ. ಒಂದೇ ಅಳತೆಯಲ್ಲಿ ಬೀಳುವ ಬಡಿತ ಕೇಳಿದಾಗ, ಕೈಕಾಲು ಆಡಿಸದೆ ಕೂತಿದ್ದರೂ, ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳು ಚುರುಕಾಗುತ್ತವೆ. ತಮಟೆ ಕೇಳಿದರೆ ಕಾಲು ತಾನಾಗಿ ಏಳುತ್ತದೆ ಅಂತ ನಮ್ಮ ಹಳ್ಳಿಗಳಲ್ಲಿ ಹೇಳುವುದು ಉತ್ಪ್ರೇಕ್ಷೆಯಲ್ಲ. ಬೆರಳಿಂದ ಮೇಜು ತಟ್ಟಿ ಅಂದರೆ ಹೆಚ್ಚಿನವರ ಬೆರಳು ಬಡಿತಕ್ಕಿಂತ ಒಂದು ಚೂರು ಮೊದಲೇ ಬೀಳುತ್ತದೆ. ಮಿದುಳು ಸದ್ದಿಗೆ ಕಾಯುವುದಿಲ್ಲ, ಮುಂದೆ ಯಾವಾಗ ಬರುತ್ತೆ ಅಂತ ಊಹಿಸುತ್ತದೆ.

ಕೆಳಗಿನ ಸದ್ದಿನ ಪ್ರಭಾವವನ್ನು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ನಿಜವಾದ ಸಂಗೀತ ಕಛೇರಿಯಲ್ಲೇ ಅಳೆದರು. ಆರ್ಫಿಕ್ಸ್ ಎಂಬ ಜೋಡಿ ವೇದಿಕೆಯಲ್ಲಿ ನುಡಿಸುತ್ತಿತ್ತು. ಕೇಳುಗರ ತಲೆಗೆ ಚಲನೆ ಅಳೆಯುವ ಪಟ್ಟಿ. 8ರಿಂದ 37 ಹರ್ಟ್ಸ್‌ನ ವಿಶೇಷ ಸ್ಪೀಕರ್‌ಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಾಕಿ ಆರಿಸುತ್ತಿದ್ದರು. ಅಷ್ಟು ಕೆಳಗಿನ ಸದ್ದು ಯಾವಾಗ ಇದೆ, ಯಾವಾಗ ಇಲ್ಲ ಅನ್ನುವುದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೂ ಅದು ಇದ್ದಾಗ ಜನ ಶೇ. 11.8ರಷ್ಟು ಜಾಸ್ತಿ ಕುಣಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ ಇದು. ಮನಸ್ಸಿಗೆ ಹೇಳದೆಯೇ ಮೈ ಕೇಳಿಸಿಕೊಂಡಿತು ಅನ್ನಬಹುದು.

ಇನ್ನು ಡಿಜೆ. ಸುಮ್ನೆ ಹಾಡು ಹಾಕಿ ಕೈ ಮೇಲೆತ್ತುವವರು ಅಂತ ತಮಾಷೆ ಮಾಡುತ್ತೇವಲ್ಲ, ಒಂದು ಸಣ್ಣ ಲೆಕ್ಕ ನೋಡಿ. ಒಂದು ಹಾಡು 120ರಲ್ಲಿದೆ, ಅದರ ಮೇಲೆ ತರಬೇಕಾದ ಇನ್ನೊಂದು 121ರಲ್ಲಿದೆ. ಮೊದಲನೆಯದರಲ್ಲಿ ಬಡಿತಗಳ ನಡುವೆ 500 ಮಿಲಿಸೆಕೆಂಡ್, ಎರಡನೆಯದರಲ್ಲಿ ಸುಮಾರು 496. ಪ್ರತಿ ಬಡಿತಕ್ಕೂ ನಾಲ್ಕು ಮಿಲಿಸೆಕೆಂಡ್ ಜಾರುತ್ತದೆ. ಎರಡು ಮೂರು ಬಡಿತ ಕಳೆಯುವಷ್ಟರಲ್ಲಿ ವ್ಯತ್ಯಾಸ ಹತ್ತು ಮಿಲಿಸೆಕೆಂಡ್ ಆಗಿರುತ್ತದೆ. 50 ಹರ್ಟ್ಸ್ ಅಲೆಯ ಒಂದು ಸುತ್ತು 20 ಮಿಲಿಸೆಕೆಂಡ್. ಹತ್ತು ಅಂದರೆ ಸರಿಯಾಗಿ ಅರ್ಧ ಸುತ್ತು! ಒಂದು ಅಲೆ ಸ್ಪೀಕರ್ ಪರದೆಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಎರಡು ಕಿಕ್ ಸೇರಿದರೆ ಸದ್ದು ಜೋರಾಗಬೇಕು ತಾನೇ? ಬದಲಿಗೆ ಪೇಲವವಾಗುತ್ತದೆ. ಎಂಟನೇ ಬಡಿತದ ಹೊತ್ತಿಗೆ ಜಾರಿದ್ದು 33 ಮಿಲಿಸೆಕೆಂಡ್, ‘ಡಂ’ ಹೋಗಿ ‘ಡಡಂ’ ಆಗುತ್ತದೆ. ಕುಣಿಯುವವರ ಹೆಜ್ಜೆ ತಪ್ಪುತ್ತದೆ.

ಇದನ್ನು ತಪ್ಪಿಸುವ ಉಪಾಯ ಎರಡು. ಮೊದಲು ವೇಗ ಸರಿಹೊಂದಿಸುವುದು. ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ರೆಕಾರ್ಡ್ ಪ್ಲೇಯರ್ ಡಿಜೆಗಳ ಕಣ್ಮಣಿಯಾಗಿದ್ದು ಅದಕ್ಕೇ. ಅದರ 1979ರ ಮಾದರಿಯಲ್ಲಿ ಪಕ್ಕಕ್ಕೊಂದು ಜಾರುಗುಂಡಿ, ವೇಗವನ್ನು ಶೇ. 8ರಷ್ಟು ಮೇಲೆ ಕೆಳಗೆ ಮಾಡಲು. ಎರಡನೆಯದು, ಹೊಸ ಹಾಡು ತರುವಾಗ ಅದರ ಬೇಸ್ ಗುಂಡಿಯನ್ನು ಪೂರ್ತಿ ಇಳಿಸಿಡುವುದು. ಮೇಲೆ ಚಪ್ಪಾಳೆ, ತಾಳದ ಸದ್ದುಗಳು ಬೆರೆಯುತ್ತಿರುತ್ತವೆ. ಸರಿಯಾದ ಜಾಗ ಬಂದಾಗ ಹಳೆಯದರ ಬೇಸ್ ಇಳಿಸಿ, ಅದೇ ಕ್ಷಣ ಹೊಸದರ ಬೇಸ್ ಏರಿಸಬೇಕು. ಮುಂದಿನ ಸಲ ಡಿಜೆಯ ಬೆರಳು ಗಮನಿಸಿ, ಹಾಡು ಬದಲಾಗಿದ್ದು ಆಗಲೇ.

ಮೊದಲ ಹೌಸ್ ರೆಕಾರ್ಡ್ ಅಂತ ಹಲವರು ಒಪ್ಪುವುದು 1984ರಲ್ಲಿ ಜೆಸ್ಸಿ ಸಾಂಡರ್ಸ್ ತಂದದ್ದನ್ನು. ಅದು ಹೊರಬಂದದ್ದು ಅವರ ಸ್ವಂತ ಲೇಬಲ್‌ನಲ್ಲಿ, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆಯಲ್ಲಿ. ದೊಡ್ಡ ಕಂಪನಿಗೆ ಬೇಡವಾಗಿದ್ದನ್ನು ತಾವೇ ಅಚ್ಚು ಹಾಕಿಸಿ, ಅಂಗಡಿಗೆ ಹೊತ್ತು ಮಾರುವುದು ಹೌಸ್‌ನಲ್ಲಿ ಮೊದಲ ದಿನದಿಂದಲೇ ಇದೆ. ಅಚ್ಚು ಹಾಕುವುದರಲ್ಲೂ 50 ಹರ್ಟ್ಸ್‌ನದೇ ತಕರಾರು. ರೆಕಾರ್ಡಿನ ಗೆರೆಯಲ್ಲಿ ಬೇಸ್ ಅಂದರೆ ಅಗಲವಾದ ಓಲಾಟ. ಹಾಗೇ ಬಿಟ್ಟರೆ ಒಂದು ಗೆರೆ ಪಕ್ಕದ ಗೆರೆಗೆ ತಾಗುತ್ತದೆ. ಅದಕ್ಕೆ ಕೊರೆಯುವಾಗ 50 ಹರ್ಟ್ಸನ್ನು ಸುಮಾರು 17 ಡೆಸಿಬೆಲ್ ತಗ್ಗಿಸುತ್ತಾರೆ, ನುಡಿಸುವಾಗ ಆಂಪ್ಲಿಫೈಯರ್ ಅಷ್ಟನ್ನೇ ವಾಪಸ್ ಏರಿಸುತ್ತದೆ. ಜೊತೆಗೆ ಬೇಸನ್ನು ಎಡಬಲ ಎರಡಕ್ಕೂ ಒಂದೇ ಸಮ ಹಂಚುತ್ತಾರೆ, ಇಲ್ಲದಿದ್ದರೆ ಮುಳ್ಳು ಮೇಲಕ್ಕೆ ಹಾರುತ್ತದೆ. ಹನ್ನೆರಡು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಒಂದೇ ಹಾಡು ಹಾಕುವುದೂ ಗೆರೆಗೆ ಜಾಗ ಸಿಗಲಿ ಅಂತಲೇ.

ಶಿಕಾಗೋದ ಟ್ರ್ಯಾಕ್ಸ್ ಲೇಬಲ್ ಇಂಥ ರೆಕಾರ್ಡ್‌ಗಳಿಗೆ ಹೆಸರುವಾಸಿ. ಅಷ್ಟೇ ಹೆಸರುವಾಸಿ ಅದರ ಕಳಪೆ ಅಚ್ಚು. ಹಳೆ ರೆಕಾರ್ಡ್ ಕರಗಿಸಿ ಹೊಸದು ಮಾಡುತ್ತಿದ್ದರಿಂದ ಹಾಡಿನ ಜೊತೆ ಚರಚರ ಸದ್ದು ಉಚಿತ. ಕಲಾವಿದರಿಗೆ ದುಡ್ಡು ಬರುತ್ತಿರಲಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ದೂರು. ಹೌಸ್‌ನ ಅತಿ ಮೃದು ಮನಸ್ಸಿನ ಕಲಾವಿದ ಅಂತ ನಾನು ಮೆಚ್ಚುವ ಲ್ಯಾರಿ ಹರ್ಡ್, ಗಾಯಕ ರಾಬರ್ಟ್ ಓವೆನ್ಸ್ ಜೊತೆ ಸೇರಿ 2020ರಲ್ಲಿ ಟ್ರ್ಯಾಕ್ಸ್ ಮೇಲೆ ದಾವೆ ಹೂಡಿದರು. 2022ರಲ್ಲಿ ರಾಜಿಯಾಗಿ ತಮ್ಮ ಹಾಡುಗಳ ಹಕ್ಕು ಅವರಿಗೆ ಮರಳಿತು. ಸ್ವತಂತ್ರ ಲೇಬಲ್ ಅಂದ ಮಾತ್ರಕ್ಕೆ ಕಲಾವಿದನೂ ಸ್ವತಂತ್ರ ಅಂತ ಅಲ್ಲ.

ನಮ್ಮಲ್ಲೂ ಇಂಥ ಪುಟ್ಟ ಲೇಬಲ್‌ಗಳಿವೆ. ದೆಹಲಿಯ ಕಿಲ್ಲಾ ರೆಕಾರ್ಡ್ಸ್ ಇದೆ, ಬೆಂಗಳೂರಿನಲ್ಲಿ ರಾಹುಲ್ ಗಿರಿ ಮತ್ತು ಗೆಳೆಯರು ಕಟ್ಟಿದ ಕನ್ಸಾಲಿಡೇಟ್ ಇದೆ. ಇವು ಅಪ್ಪಟ ಹೌಸ್ ಲೇಬಲ್‌ಗಳಲ್ಲ, ಆದರೆ ನಡೆಯುವ ದಾರಿ ಅದೇ. ದುಡ್ಡಿನ ಲೆಕ್ಕ ಬಿಗಿ. ಕಲಾವಿದರು ನೇರವಾಗಿ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಮಾರಿದರೆ ಅದು ಹಿಡಿದುಕೊಳ್ಳುವುದು ಶೇ. 15. ಸ್ಪಾಟಿಫೈನಲ್ಲಾದರೆ 2024ರಿಂದ, ವರ್ಷಕ್ಕೆ 1,000 ಸಲವಾದರೂ ಕೇಳದ ಹಾಡಿಗೆ ಬಿಡಿಗಾಸೂ ಇಲ್ಲ. ಆದ್ದರಿಂದ ಎಲ್ಲವೂ ಮಲಗುವ ಕೋಣೆಯಲ್ಲೇ ತಯಾರಾಗುತ್ತದೆ.

ಆ ಕೋಣೆಯಲ್ಲೂ 50 ಹರ್ಟ್ಸ್ ಕಾಟ ಬಿಡುವುದಿಲ್ಲ. ಬೆಂಗಳೂರಿನ ಬಾಡಿಗೆ ಮನೆಯ ಕೋಣೆ ಹೆಚ್ಚುಕಡಿಮೆ 10-11 ಅಡಿ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್, ಅದರ ಅರ್ಧ ಸುಮಾರು ಮೂರೂವರೆ ಮೀಟರ್. ಅಂದರೆ 11 ಅಡಿ ಚಿಲ್ಲರೆ! ಗೋಡೆಯಿಂದ ಗೋಡೆಗೆ ಸರಿಯಾಗಿ ಅರ್ಧ ಅಲೆ ಕೂತುಬಿಡುತ್ತದೆ. ಗೋಡೆಯ ಬಳಿ ಬೇಸ್ ಗುಡುಗುತ್ತದೆ, ಕೋಣೆಯ ಮಧ್ಯೆ ಮಾಯವಾಗುತ್ತದೆ. ಕಲಾವಿದ ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು, ಕಿಕ್ ಸಾಲದು ಅಂತ ಏರಿಸುತ್ತಾನೆ. ಅದೇ ಹಾಡು ಕ್ಲಬ್ಬಿನಲ್ಲಿ ಬರೀ ಗುಂಯ್‌ಗುಡುತ್ತದೆ. ಗೋಡೆಗೆ ಮೊಟ್ಟೆ ಟ್ರೇ, ತೆಳು ಸ್ಪಂಜು ಅಂಟಿಸಿ ಪ್ರಯೋಜನ ಇಲ್ಲ. ಏಳು ಮೀಟರ್ ಅಲೆಗೆ ಎರಡು ಇಂಚಿನ ಸ್ಪಂಜು ಲೆಕ್ಕಕ್ಕೇ ಇಲ್ಲ, ಹಣ ದಂಡ. ಕುರ್ಚಿಯನ್ನು ಮಧ್ಯದಿಂದ ಸರಿಸಿದರೆ ಅದಕ್ಕಿಂತ ಜಾಸ್ತಿ ಲಾಭ. ಬಿಡುಗಡೆಗೆ ಮೊದಲು ಮಾಸ್ಟರಿಂಗ್ (ಸದ್ದನ್ನು ಕೊನೆಯ ಸಲ ಹದಗೊಳಿಸುವ ಕೆಲಸ) ಮಾಡುವವರ ಕಿವಿಗೆ ಹಾಡನ್ನು ಒಪ್ಪಿಸುವುದೂ ಈ ಕಾರಣಕ್ಕೇ. ಅದಕ್ಕೆ ಹಾಕುವ ದುಡ್ಡು ದಂಡವಲ್ಲ.

ಕೊನೆಗೆ ಪಕ್ಕದ ಮನೆ. ಆವರ್ತನ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ) ಅರ್ಧವಾದಂತೆಲ್ಲ ಗೋಡೆಯ ತಡೆ ಸುಮಾರು 6 ಡೆಸಿಬೆಲ್ ಕಡಿಮೆಯಾಗುತ್ತದೆ. 1,000 ಹರ್ಟ್ಸ್‌ನ ಹಾಡುಗಾರಿಕೆಯನ್ನು ತಡೆದಷ್ಟು ಚೆನ್ನಾಗಿ 50 ಹರ್ಟ್ಸನ್ನು ಇಟ್ಟಿಗೆ ತಡೆಯುವುದಿಲ್ಲ, ಲೆಕ್ಕದಲ್ಲಿ 26 ಡೆಸಿಬೆಲ್ ವ್ಯತ್ಯಾಸ. ಹಾಗಾಗಿ ಪಬ್ಬಿನ ಹಿಂದಿನ ಬೀದಿಯವರಿಗೆ ಹಾಡಿಲ್ಲ, ಬರೀ ಡಂ ಡಂ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ಮಿತಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ 55. ಆದರೆ ಅಳೆಯುವುದು ‘ಎ’ ಮಾಪನದಲ್ಲಿ. ನಮ್ಮ ಕಿವಿಗೆ ಕೆಳಗಿನ ಸದ್ದು ಕಡಿಮೆ ಕೇಳಿಸುತ್ತದೆ ಅಂತ ಆ ಮಾಪನ 50 ಹರ್ಟ್ಸ್‌ಗೆ 30 ಡೆಸಿಬೆಲ್ ರಿಯಾಯಿತಿ ಕೊಡುತ್ತದೆ. ಮೀಟರ್ ಸರಿ ಇದೆ ಅನ್ನುವಾಗಲೂ ಕಿಟಕಿ ಗಾಜು ಅದುರುತ್ತಿರಬಹುದು. ಜಗಳದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬೇಸ್‌ಗೆ ಬೇರೆ ಮಿತಿ ಇಡದೆ ಇದು ಬಗೆಹರಿಯುವುದಿಲ್ಲ ಅಂತ ನನಗನ್ನಿಸುತ್ತದೆ.

ಅಷ್ಟರವರೆಗೆ ಊರು ತನ್ನದೇ ದಾರಿ ಹುಡುಕಿಕೊಂಡಿದೆ. ಇತ್ತೀಚೆಗೆ ಬೆಂಗಳೂರಿನಲ್ಲಿ ಕಾಫಿ ರೇವ್‌ಗಳು ಶುರುವಾಗಿವೆ. ಬೆಳಗಿನ ಹೊತ್ತು ಕೆಫೆಯಲ್ಲಿ ಡಿಜೆ, ಕುಣಿಯುವವರ ಕೈಯಲ್ಲಿ ಕಾಫಿ, ಹೆಂಡ ಇಲ್ಲ. ರೀಲ್ಸ್ ಹುಚ್ಚು ಅಂತ ನಗುವವರಿದ್ದಾರೆ, ನಗಲಿ. ವಾಣಿಜ್ಯ ಪ್ರದೇಶದಲ್ಲಿ ಹಗಲಿನ ಮಿತಿ 65 ಡೆಸಿಬೆಲ್. ರಾತ್ರಿಗಿಂತ 10 ಜಾಸ್ತಿ ಅಂದರೆ ಹತ್ತು ಪಟ್ಟು ಶಕ್ತಿಯ ಸದ್ದು. ರಾತ್ರಿ ಒಂದಕ್ಕೆ ಬಾಗಿಲು ಹಾಕಿಸಲು ಬರುವ ಪೊಲೀಸರೂ ಇಲ್ಲ.